ಸ್ವಂತ ಮಗಳನ್ನು ನೆಂಟರೆಂದು ಬರೆಸಿದ್ದು

ಕಾಸಾಬ್ಲಾಂಕಾದ ಅಂಚಿನಲ್ಲಿರುವ ನಮ್ಮ ತಗಡು ಮನೆಗಳ ಓಣಿಯನ್ನು ಕೆಡವುತ್ತಾರಂತೆ ಎಂಬ ಮಾತು ನಾನು ಹುಟ್ಟಿದಾಗಿನಿಂದ ಇತ್ತು. ಹಾಗಾಗಿ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಆ ಸಲ ಮಾತ್ರ ನಿಜವಾಗಿಯೂ ಸರ್ಕಾರದ ಮನೆಮನೆ ಎಣಿಕೆ ಶುರುವಾಯಿತು. ಎಣಿಕೆಯಲ್ಲಿ ಹೆಸರಿದ್ದ ಕುಟುಂಬಕ್ಕೆ ಬೇರೆ ಕಡೆ ಜಾಗ. ಹೆಸರಿಲ್ಲದವರಿಗೆ ಏನೂ ಇಲ್ಲ.

ನಾನು ಜೊಹ್ರಾ, ಓಣಿಯ ಹೆಂಗಸರ ಸಂಘದವಳು. ಎಣಿಕೆಯ ಹಿಂದಿನ ದಿನ ನಾವೆಲ್ಲ ಖಾಲ್ತಿ, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಪಕ್ಕದ ಮನೆಯ ಮಿಲೂದಾಳ ಹತ್ತಿರ ಹೋದೆ. ಖಾಲ್ತಿ ರೊಟ್ಟಿಗೆ ಹಿಟ್ಟು ನಾದುತ್ತಿದ್ದಳು. ಅವಳ ಮಗಳು ಬಹೀಜಾ ತಲಾಖ್ ಆಗಿ, ತನ್ನ ಪುಟ್ಟ ಹುಡುಗಿಯೊಂದಿಗೆ ಹಿಂದಿನ ಕೋಣೆಯಲ್ಲಿ ಬೇರೆ ಒಲೆ ಹೂಡಿ ನಾಲ್ಕು ವರ್ಷವಾಗಿತ್ತು.

"ಖಾಲ್ತಿ, ಬಹೀಜಾಂದು ಬೇರೆ ಸಂಸಾರ ಅಂತ ನಾಳೆ ಬರೆಸಿಬಿಡಿ. ತಲಾಖ್ ಕಾಗದ ತೋರಿಸಿದ್ರೆ ಅವಳಿಗೂ ಜಾಗ ಸಿಗತ್ತೆ."

"ಓಣಿ ಮಧ್ಯ ನಿಂತು ಆ ಕಾಗದ ಬಿಚ್ಚಲಾ? ಅಳಿಯ ಕೆಲಸಕ್ಕೆ ಅಗಾದಿರ್‌ಗೆ ಹೋಗಿದಾನೆ ಅಂತ ಹೇಳ್ಕೊಂಡು ಬಂದಿದೀನಿ."

"ಆ ಅಗಾದಿರ್ ಕತೇನ ಓಣಿ ಬೆಕ್ಕೂ ನಂಬಲ್ಲ ಖಾಲ್ತಿ. ಎಲ್ರಿಗೂ ಗೊತ್ತು."

"ಅವರಿಗೆ ಗೊತ್ತಿರೋದು ಬೇರೆ. ನನ್ನ ಬಾಯಲ್ಲಿ ಬರೋದು ಬೇರೆ."

ಬಹೀಜಾ ಒಳಗಿಂದಲೇ, "ಬಿಡು ಜೊಹ್ರಾ, ಅಮ್ಮನ ತಲೆ ತಗ್ಗೋದು ಬೇಡ" ಅಂದಳು.

ಮರುದಿನ ಖಾಲ್ತಿ ಬಕೆಟ್ಟು, ಟವೆಲ್ಲು ಕೊಟ್ಟು ತಾಯಿ-ಮಗು ಇಬ್ಬರನ್ನೂ ದುಡ್ಡು ಕೊಟ್ಟು ಮೀಯುವ ಹಮಾಮಿಗೆ ಸ್ನಾನಕ್ಕೆ ಕಳಿಸಿದಳು. ಓಣಿಯ ಉಸ್ತುವಾರಿಯ ಸರ್ಕಾರಿ ಆಳು ಮುಕದ್ದಮನ ಜೊತೆ ಅಧಿಕಾರಿ ಬಂದ. ಹಿಂಬಾಗಿಲಲ್ಲಿ ಮಗುವಿನ ಚಪ್ಪಲಿ ಬಿದ್ದಿತ್ತು.

"ಇದು ಯಾರದು?"

"ನೆಂಟರ ಮಗೂದು. ನಾಲ್ಕು ದಿನ ಇದ್ದು ಹೋಗಕ್ಕೆ ಬಂದಿದಾರೆ."

ಅಧಿಕಾರಿ ಪಕ್ಕದಲ್ಲೇ ನಿಂತಿದ್ದ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ. ನೆರೆಮನೆಯ ಮಾನ, ನಾನ್ಯಾಕೆ ತೆಗೆಯಲಿ ಅಂದುಕೊಂಡೆ. ಅವನು ಮುಂಬಾಗಿಲಿಗೆ ಬಣ್ಣದಲ್ಲಿ ನಂಬರು ಬರೆದು ಹೋದ. ಬಹೀಜಾಳ ಹಿಂಬಾಗಿಲು ಖಾಲಿ ಉಳಿಯಿತು.

ವರ್ಷದ ಮೇಲೆ ಪಟ್ಟಿ ಬಂತು. ಖಾಲ್ತಿಯ ಹೆಸರಿತ್ತು, ಗಂಡ ಬೂಶಐಬ್‌ನ ಹೆಸರಿತ್ತು. ಬಹೀಜಾಳ ಹೆಸರಿರಲಿಲ್ಲ. ಬೂಶಐಬ್ ತಲಾಖ್ ಕಾಗದ ಹಿಡಿದು ಕಚೇರಿಗೆ ಮೂರು ಸಲ ಅಲೆದ.

"ನೆಂಟರು ಅಂತ ಹೇಳಿದ್ದು ನಿಮ್ಮ ಹೆಂಡ್ತೀನೇ ಅಲ್ವಾ ಯಜಮಾನ್ರೆ?" ಅಂದರು ಅಲ್ಲಿಯವರು.

ಸಂಘದಿಂದ ನಲವತ್ತು ಜನ ಸಾಕ್ಷಿ ಹಾಕಿ ಅರ್ಜಿ ಕೊಟ್ಟೆವು. ಆಗುವುದಿಲ್ಲ ಎಂಬ ಉತ್ತರ ಬಂತು. ಅಂದು ನಾನೊಬ್ಬಳು ಬಾಯಿ ಬಿಟ್ಟಿದ್ದರೆ ಈ ನಲವತ್ತು ಜನ ಬೇಕಿರಲಿಲ್ಲ.

ಒಂದು ಬೆಳಿಗ್ಗೆ ಬುಲ್ಡೋಜರ್ ಬಂದು ಮುಂದಿನ ಕೋಣೆ, ಹಿಂದಿನ ಕೋಣೆ ಎರಡನ್ನೂ ಒಟ್ಟಿಗೆ ಕೆಡವಿತು. ಹೊಸ ಜಾಗದಲ್ಲಿ ಮನೆ ಏಳುವವರೆಗೆ ಎಂದು ಮುದುಕರು ಬಾಡಿಗೆ ಕೋಣೆ ಹಿಡಿದರು. ಇಬ್ಬರಿಗಿಂತ ಹೆಚ್ಚು ಜನ ಕೂಡದು ಎಂದ ಅದರ ಮಾಲೀಕ. ಬಹೀಜಾ ನೆಂಟರ ಮನೆಗಳಲ್ಲಿ ಹದಿನೈದು ದಿನ, ಹದಿನೈದು ದಿನ ಇದ್ದಳು. ಆಮೇಲೆ ಕರೆಯುವವರೇ ಇರಲಿಲ್ಲ. ಈಗ ಹಮಾಮಿನವಳು ಕರುಣೆ ತೋರಿ, ಗಿರಾಕಿಗಳು ಹೋದ ಮೇಲೆ ಬಟ್ಟೆ ಬದಲಿಸುವ ಕೋಣೆಯಲ್ಲಿ ಮಲಗಲು ಬಿಟ್ಟಿದ್ದಾಳೆ. ಮೊದಲ ಗಿರಾಕಿ ಬರುವ ಮುಂಚೆ ಹಾಸಿಗೆ ಸುತ್ತಬೇಕು. ತೇವಕ್ಕೆ ಮಗುವಿನ ಕೆಮ್ಮು ನಿಲ್ಲುತ್ತಿಲ್ಲ. ಎರಡು ಗಂಟೆ ಬಚ್ಚಿಡಲು ಕಳಿಸಿದ್ದ ಜಾಗವೇ ಅವರ ಮನೆಯಾಗಿದೆ. ನನಗೆ ಆ ದಾರಿಯಲ್ಲಿ ಹೋಗಲು ಮುಖವಿಲ್ಲ.

ಮೊನ್ನೆ ಪಕ್ಕದ ಓಣಿಯಲ್ಲಿ ಎಣಿಕೆ ಎಂದು ತಿಳಿದು ಖಾಲ್ತಿ ತಾನಾಗಿಯೇ ನನ್ನ ಜೊತೆ ಬಂದಳು. ತಲಾಖ್ ಆದ ಮಗಳಿದ್ದರೆ ಬರೆಸಿ ಎಂದು ನಾವು ಹೇಳಿದ್ದಕ್ಕೆ ಒಂದು ಮನೆಯ ಯಜಮಾನಿ, "ನಮ್ಮಲ್ಲಿ ಅಂಥೋರು ಯಾರೂ ಇಲ್ಲ" ಅಂದಳು. ಅವಳ ಹಿಂದೆ ಪರದೆ ಅಲುಗಿತು.

ಖಾಲ್ತಿ ಇಡೀ ಓಣಿಗೆ ಕೇಳುವಂತೆ ಹೇಳಿದಳು. "ನನ್ನ ಮಗಳಿಗೆ ತಲಾಖ್ ಆಗಿದೆ. ನಾನು ಮುಚ್ಚಿಟ್ಟೆ. ಈಗ ಅವಳು ಹಮಾಮಿನ ನೆಲದ ಮೇಲೆ ಮಲಗ್ತಾಳೆ. ನಿನ್ನ ಮಗಳನ್ನ ಹೊರಗೆ ಕರಿ ತಾಯಿ."

ಆ ಹೆಂಗಸು ಪರದೆ ಸರಿಸಿ ಮಗಳನ್ನು ಕರೆದಳು.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ಎಣಿಸುವವರು ಬಂದ ದಿನ ಮನೆಯವರನ್ನೆಲ್ಲ ಮುಂಬಾಗಿಲಿಗೆ ಕರೆಯಿರಿ. ಗಂಡನನ್ನು ಬಿಟ್ಟು ಬಂದವಳನ್ನೂ, ವಿಧವೆಯನ್ನೂ, ಅವರ ಮಕ್ಕಳನ್ನೂ ಬರೆಸಿ. ಕಾಗದಗಳನ್ನು ಕೈಯಲ್ಲೇ ಇಟ್ಟುಕೊಳ್ಳಿ. ಪಕ್ಕದ ಮನೆಯವರು ನಾಚಿಕೆಗೆ ಸುಳ್ಳು ಹೇಳಿದರೆ ನನ್ನ ಹಾಗೆ ನೆಲ ನೋಡಬೇಡಿ. ಬಹೀಜಾಳ ಹೆಸರು ಬರೆಯಲು ಇನ್ನು ಯಾವ ಪಟ್ಟಿಯೂ ಇಲ್ಲ. ನಿಮ್ಮ ಮನೆಯವಳಿಗೆ ಇನ್ನೂ ಇದೆ.