ನೊಣದ ಹಿಂದಿನ ಇರುವೆ

ಅಂಬರ್ ಉಜ್ಜುವಾಗ ಮಾತಾಡಬಾರದೆಂಬ ನಿಯಮವೇನೂ ಇಲ್ಲ. ಆದರೂ ಅಕ್ಕ ನನ್ನನ್ನು ಈ ಕೆಲಸಕ್ಕೆ ಕರೆದುಕೊಂಡದ್ದು ನಾನು ಮಾತಾಡುವುದಿಲ್ಲ ಎಂಬ ಕಾರಣಕ್ಕೇ. ಡಿಗ್ರಿ ಮುಗಿಸಿ ಕಿಟಕಿಯಾಚೆ ನೋಡುತ್ತ ಕೂತಿದ್ದವಳನ್ನು ಸಂಗ್ರಹಾಲಯದ ಹಿಂಭಾಗದ ಕೋಣೆಗೆ ತಂದು ಕೂರಿಸಿ, "ಮೌನಗೌರಿ, ಇಲ್ಲಿರೋರು ಹತ್ತು ಕೋಟಿ ವರ್ಷದಿಂದ ಬಾಯಿ ಬಿಟ್ಟಿಲ್ಲ. ನಿನಗೆ ಸರಿಹೋಗುತ್ತೆ," ಅಂದಿದ್ದಳು.

ಸರಿಹೋಯಿತು. ಮರದ ಅಂಟು ಮಣ್ಣಿನಡಿ ಅಂಬರ್ ಎಂಬ ಕಲ್ಲಾಗಿ, ಅದರೊಳಗೆ ಸಿಕ್ಕ ಹುಳುಗಳು ಕಾಲಿನ ಕೂದಲಿನವರೆಗೂ ಹಾಗೆಯೇ ಉಳಿದಿರುತ್ತವೆ. ಗಾಜಿನ ಹಲಗೆಯ ಮೇಲೆ ಒದ್ದೆ ಉಪ್ಪುಕಾಗದ ಹಾಸಿ, ಆ ಕಲ್ಲನ್ನು ಬೆರಳ ತುದಿಯಲ್ಲಿ ಹಿಡಿದು ತಿಕ್ಕುತ್ತ ಒಳಗಿನವರಿಗೆ ಕಿಟಕಿ ತೆರೆಯುವುದು ನನ್ನ ಕೆಲಸ.

ಆ ದಿನ ಅಕ್ಕ ಬೀರುವಿನಿಂದ ತೆಗೆದು ನನ್ನ ಅಂಗೈಗೆ ಹಾಕಿದ್ದು ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಚೂರು. ಅದನ್ನು ಈವರೆಗೆ ಅವಳು ಯಾರ ಕೈಗೂ ಕೊಟ್ಟಿರಲಿಲ್ಲ. ಒಳಗೆ ಇಬ್ಬರಿದ್ದರು. ಹಿಂದೆ ರೆಕ್ಕೆಯಿಲ್ಲದ, ಸಣ್ಣ ಸೊಂಟದ ಒಂದು ಹುಳ. ಅದಕ್ಕೆ ಅಡ್ಡವಾಗಿ ಎಳ್ಳಿಗಿಂತ ಚಿಕ್ಕ ಒಂದು ನೊಣ, ರೋಮದ ರೆಕ್ಕೆಗಳನ್ನು ಮನೆಯ ಮಾಡಿನಂತೆ ಇಳಿಬಿಟ್ಟುಕೊಂಡು ಕೂತಿತ್ತು. ಊಟದ ಡಬ್ಬಿ ಕೊಡಲು ಬಂದ ಭಾವ ಸೂಕ್ಷ್ಮದರ್ಶಕದಲ್ಲಿ ಬಗ್ಗಿ ನೋಡಿ, "ಇದು ನಮ್ಮ ಬಚ್ಚಲ ಗೋಡೆ ಮೇಲೆ ಕೂತಿರೋದೇ ಅಲ್ವೇನ್ರೇ?" ಅಂದರು.

"ಅದರ ಮುತ್ತಜ್ಜಿ," ಅಂದಳು ಅಕ್ಕ.

"ಒಂಚೂರೂ ಬದಲಾಗಿಲ್ವಲ್ಲ. ಆಯ್ತಪ್ಪ, ಅಕ್ಕತಂಗಿ ಸೇರಿ ನೊಣ ಹೊಡೀತಾ ಇರಿ." ಭಾವ ನಗುತ್ತ ಹೋದರು.

ಬದಲಾಗುತ್ತಿದ್ದದ್ದು ನೊಣದ ಹಿಂದಿನ ಹುಳ. ಅಕ್ಕನ ಪ್ರಕಾರ ಅದು ಇರುವೆ, ಇರುವೆಗಳ ಕುಲದಲ್ಲೇ ಬಹಳ ಮೊದಲಿನದು. ಅವಳ ಮೇಷ್ಟ್ರ ಪ್ರಕಾರ ಅದು ರೆಕ್ಕೆಯಿಲ್ಲದ ಕಣಜ. ನಿವೃತ್ತರಾದರೂ ಮೇಷ್ಟ್ರು ಬೆಳಗ್ಗೆ ಬಂದು ಅವಳೊಡನೆ ಈ ಜಗಳ ಆಡದೆ ಹೋಗುವವರಲ್ಲ. ಅವಳು ಈ ಒಂದು ಹುಳವನ್ನು ನಂಬಿ ವರ್ಷಗಟ್ಟಲೆ ಬರೆದಿದ್ದಳು. ತೀರ್ಪಿಗೆ ಉಳಿದದ್ದು ಒಂದೇ ಗುರುತು. ಇರುವೆಗೆ ಹಿಂಗಾಲಿನ ಬುಡದ ಮೇಲೆ, ಪಕ್ಕೆಯಲ್ಲಿ, ಒಂದು ಸಣ್ಣ ಸೀಳು ಇರುತ್ತದೆ. ಕಣಜಕ್ಕೆ ಇರುವುದಿಲ್ಲ. ಈ ಹುಳದ ಒಂದು ಪಕ್ಕೆಯನ್ನು ಬಿರುಕು ತಿಂದಿತ್ತು. ಇನ್ನೊಂದಕ್ಕೆ ನೊಣ ಅಡ್ಡ ಕೂತಿತ್ತು. ಎಕ್ಸ್‌ರೇ ಹಿಡಿಸಿದರೆ ಕಲ್ಲೂ ಹುಳವೂ ಒಂದೇ ಮಬ್ಬು.

"ನೊಣಾನ ಉಜ್ಜಿ ತೆಗೆದುಬಿಡೋಣ," ಅಂದಳು ಅಕ್ಕ. "ಇಂಥವು ನಮ್ಮಲ್ಲಿ ಪೆಟ್ಟಿಗೆಗಟ್ಟಲೆ ಇವೆ."

"ತೆಗಿಯಮ್ಮ," ಅಂದರು ಮೇಷ್ಟ್ರು ಕುರ್ಚಿಯಿಂದ. "ಹಿಂದೆ ಕಣಜ ಕಂಡಾಗ ಅಳಬೇಡ ಅಷ್ಟೇ."

"ನೀವು ಕರವಸ್ತ್ರ ತಂದಿದ್ದೀರಾ ಮೇಷ್ಟ್ರೇ? ನಿಮಗೇ ಬೇಕಾಗುತ್ತೆ."

ನಾನು ಕಾಗದ ಒದ್ದೆ ಮಾಡಿದೆ. ಉಜ್ಜುವ ಮೊದಲು ಚೂರನ್ನು ದೀಪದ ಕೆಳಗೆ ಓರೆಯಾಗಿ ಹಿಡಿದು, ಹಿಂದೆ ಕೆಲಸ ಮಾಡಿದ ಕೈಯ ಗೀರುಗಳನ್ನು ನೋಡುವುದು ನನ್ನ ಅಭ್ಯಾಸ. ಬೆಳಕು ಹಾಯಲೆಂದು ಚೂರಿನ ಬೆನ್ನಿನ ಕಡೆಯನ್ನೂ ಚಪ್ಪಟೆ ಮಾಡುತ್ತೇವೆ. ಇದರ ಬೆನ್ನು ಮುಕ್ಕಾಲು ಭಾಗ ಕನ್ನಡಿಯಂತಿತ್ತು. ಇರುವೆಯ ತಲೆ ಮೇಲ್ಮೈಗೆ ಹತ್ತಿರವಾಗುವ ಕಡೆ ಮಾತ್ರ ಗೀರುಗಳು ಇದ್ದಕ್ಕಿದ್ದಂತೆ ಪಕ್ಕಕ್ಕೆ ಹೊರಳಿ, ಒಂದು ಕಿರಿದಾದ ಇಳಿಜಾರು ಮಾಡಿಕೊಂಡು ದಾಟಿಹೋಗಿದ್ದವು.

"ಇದನ್ನ ಮೊದಲು ಉಜ್ಜಿದ್ದು ಯಾರು?" ಅಂದೆ. ನಾನು ಬಾಯಿ ಬಿಟ್ಟದ್ದಕ್ಕೇ ಇಬ್ಬರೂ ತಿರುಗಿದರು.

"ಗೊತ್ತಿಲ್ಲ," ಅಂದರು ಮೇಷ್ಟ್ರು. "ನನಗೆ ಸಿಕ್ಕಿದ್ದು ನೊಣಗಳ ಪೆಟ್ಟಿಗೇಲಿ. ನಾನು ಹುಟ್ಟೋ ಮುಂಚಿನ ಕೆಲಸ. ಅವರಿಗೆ ಬೇಕಾಗಿದ್ದು ಆ ನೊಣ."

"ಇರುವೆ ಬೇಕಿರಲಿಲ್ವಾ?"

"ಅದು ಏನು ಅಂತಾನೇ ಯಾರಿಗೂ ತಿಳಿದಿರಲಿಲ್ಲ. ಕಸ ಅಂದುಕೊಂಡಿದ್ರೇನೋ."

ನಾನು ಚೂರನ್ನು ಅಕ್ಕನ ಕಣ್ಣೆದುರು ಓರೆಯಾಗಿ ಹಿಡಿದೆ. ನೇರವಾಗಿ ಉಜ್ಜಿದ್ದರೆ ಕೆಲಸ ಬೇಗ ಮುಗಿಯುತ್ತಿತ್ತು, ತಲೆ ಹೋಗುತ್ತಿತ್ತು. ಯಾರೋ ತನಗೆ ಬೇಡವಾದ ಹುಳಕ್ಕಾಗಿ ಕೈ ತಿರುಗಿಸಿದ್ದರು. ಏಕೆಂದು ಹೇಳಿಟ್ಟಿರಲಿಲ್ಲ. ಅಂಥ ಮೌನದ ಮುಂದೆ ನನ್ನದು ಬರೀ ಸಂಕೋಚ ಅನ್ನಿಸಿತು.

ಅಕ್ಕ ಬಹಳ ಹೊತ್ತು ನೋಡಿದಳು. "ಥೂ, ಇದನ್ನ ಈಗಲೇ ಹೇಳಬೇಕಿತ್ತಾ ನೀನು," ಅಂದಳು. ಆಮೇಲೆ, "ನೊಣ ಉಳಿಸೋ ಬೇರೆ ದಾರಿ ಇದೆಯಾ?"

ಇತ್ತು. ಕೆಳಗಿನಿಂದ, ಕಾಲುಗಳ ನಡುವೆ ಓರೆಯಾಗಿ ಒಂದು ಕಿಟಕಿ. ಆದರೆ ಅಲ್ಲಿ ಇರುವೆಯ ಹಿಂಗಾಲಿನ ತುದಿ ಮೇಲ್ಮೈಗೆ ಅಂಟಿಕೊಂಡಂತಿತ್ತು. ಕಾಲು ಹೋಗಬಹುದು, ಗಾಳಿ ಹೊಕ್ಕು ಪಕ್ಕೆಯೂ ಹೋಗಬಹುದು. ಅದನ್ನು ಹೇಳಿದೆ.

"ನೊಣದ ಹಂಗಿಗೆ ಇರುವೆಯನ್ನ ಪಣಕ್ಕಿಡ್ತೀಯೇನಮ್ಮ?" ಅಂದರು ಮೇಷ್ಟ್ರು. ಅವರ ದನಿಯಲ್ಲಿ ಈಗ ಕೀಟಲೆ ಇರಲಿಲ್ಲ.

"ನನ್ನ ಇರುವೆ, ನನ್ನ ಪಣ," ಅಂದಳು ಅಕ್ಕ. "ಉಜ್ಜು ಕಣೇ."

ನಾಲ್ಕು ಸಲ ಎಳೆಯುವುದು, ಒರೆಸುವುದು, ನೋಡುವುದು. ಅಕ್ಕ ನಲ್ಲಿಯ ಬಳಿ ಬೆನ್ನು ತಿರುಗಿಸಿ ನಿಂತಿದ್ದಳು. ಮಧ್ಯಾಹ್ನ ಹೊರಳುವ ಹೊತ್ತಿಗೆ ಬೆರಳಿಗೆ ಕೂದಲೆಳೆಯಷ್ಟು ಒರಟು ತಾಗಿತು. ನೋಡಿದರೆ ಹಿಂಗಾಲಿನ ತುದಿಯ ಎರಡು ಉಗುರುಗಳಿರಲಿಲ್ಲ. ಕಾಗದದ ಮೇಲೆ ಕಂದು ನೀರು ಮಾತ್ರ ಇತ್ತು.

"ಉಗುರು ಹೋಯ್ತು," ಅಂದೆ.

ಅಕ್ಕ ತಿರುಗಲಿಲ್ಲ. "ಪಕ್ಕೆ?"

ತೆರೆದುಕೊಂಡ ತುದಿಗೆ ಒಂದು ಹನಿ ಮೇಣ ಮುಚ್ಚಿ, ಮೆರುಗು ಕೊಟ್ಟು, ಚೂರನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟೆ. "ನೀನೇ ನೋಡು," ಅಂದಳು ಅಕ್ಕ. "ನನ್ನ ಕಣ್ಣಿಗೆ ನನಗೆ ಬೇಕಾದ್ದೇ ಕಾಣುತ್ತೆ."

ಹಿಂಗಾಲಿನ ಬುಡದ ಮೇಲೆ, ನೆರಳೆಂದು ತಳ್ಳಿಹಾಕಲಾಗದಂತೆ, ಒಂದು ಸೀಳು. ಅದರ ಅಂಚಿಗೆ ರೆಪ್ಪೆಯಂತೆ ಸಣ್ಣ ಕೂದಲು. ನಾನು ಎದ್ದು ಮೇಷ್ಟ್ರಿಗೆ ಜಾಗ ಬಿಟ್ಟೆ.

ಅವರು ಕನ್ನಡಕ ತೆಗೆದು ಬಗ್ಗಿದರು. ಮತ್ತೆ ಮತ್ತೆ ಬೆಳಕು ಹೊರಳಿಸಿ ನೋಡಿದರು. ಕೊನೆಗೆ ಕಣ್ಣು ತೆಗೆಯದೆಯೇ, "ಈ ಸೀಳಿಂದ ಒಂದು ರಸ ಒಸರುತ್ತೆ, ಮೈಗೆ ಬೂಷ್ಟು ಹಿಡಿಯದ ಹಾಗೆ," ಅಂತ ನನಗೆ ಹೇಳಿದರು, ಪಾಠ ಹೇಳುವವರಂತೆ. "ಒಂಟಿ ಇರೋರಿಗೆ ಅಷ್ಟಾಗಿ ಬೇಕಿಲ್ಲ. ಕತ್ತಲೇಲಿ, ಒದ್ದೇಲಿ, ಒಬ್ಬರ ಮೈಗೊಬ್ಬರು ತಾಗಿಕೊಂಡು ಬದುಕೋರಿಗೆ ಬೇಕು. ಇವಳಿಗೆ ಅಕ್ಕತಂಗಿಯರು ಇದ್ದರು ಅಂತ ಕಾಣುತ್ತಮ್ಮ." ಆಮೇಲೆ, "ಇರುವೆನೇ. ಆದ್ರೆ ತಲೆ ಮೇಲಿನ ಮೀಸೆ ಕಣಜದ್ದು. ಅದನ್ನ ನಾನು ಬಿಟ್ಟುಕೊಡಲ್ಲ."

"ಬಿಟ್ಟುಕೊಡಿ ಅಂತ ಯಾರು ಕೇಳಿದ್ರು? ಎರಡೂ ಒಂದೇ ಮೈಯಲ್ಲಿರೋದೇ ಅಲ್ವಾ ನಾನು ಬರೀಬೇಕಾಗಿರೋದು," ಅಂದಳು ಅಕ್ಕ. "ಉಗುರು ತೆಗೆದದ್ದು ನಾವು ಅಂತಾನೂ ಬರೀತೀನಿ. ಏಳಿ ಮೇಷ್ಟ್ರೇ, ನಾನಿನ್ನೂ ನೋಡಿಲ್ಲ."

ಅವರು ಒಲ್ಲದ ಮನಸ್ಸಿನಿಂದ ಎದ್ದರು. ಅಕ್ಕ ಕೂತು, ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು, ಕಣ್ಣಿಟ್ಟಳು. ಮೇಷ್ಟ್ರು ಮನೆಗೆ ಹೋಗಲಿಲ್ಲ. ಇನ್ನೊಂದು ಸಲ ನೋಡುವ ಸರದಿಗಾಗಿ ಅವಳ ಕುರ್ಚಿಯ ಹಿಂದೆ ನಿಂತರು.