ಸೈಕಲ್ಲಿನ ಅಳತೆ

ಹೆದ್ದಾರಿಯ ಪಕ್ಕ ಅಂಗಡಿ ಇಟ್ಟು ಇಪ್ಪತ್ತೆಂಟು ವರ್ಷದಿಂದ ಲಾರಿಗಳಿಗೆ ತಾಡಪಾಲು ಹೊಲಿಯುತ್ತಿದ್ದೇನೆ. ಕೂಡ್ಲಿಗಿ ಜೋಗಪ್ಪನ ಹೊಲಿಗೆ ಬಿಟ್ಟಿತು ಅಂತ ಇವತ್ತಿನವರೆಗೆ ಯಾವ ಡ್ರೈವರೂ ಬಂದು ಬೈದಿಲ್ಲ. ಅಂಥದ್ದರಲ್ಲಿ ನನ್ನ ಮಗಳೇ ಮೊಬೈಲಿನಲ್ಲಿ ಟೆಂಟು ಹುಡುಕುತ್ತಾ ಕೂತರೆ ಸಿಟ್ಟು ಬರದೆ ಇನ್ನೇನಾಗುತ್ತದೆ?

ಮಗಳು ಪ್ರಿಯಾ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಾಳೆ. ದಸರಾ ರಜೆಯಲ್ಲಿ ಇನ್ನಿಬ್ಬರು ಟೀಚರುಗಳ ಜೊತೆ ಸೈಕಲ್ ಮೇಲೆ ಕೊಟ್ಟೂರು, ಹರಪನಹಳ್ಳಿ, ಹಡಗಲಿ, ಹಗರಿಬೊಮ್ಮನಹಳ್ಳಿ ಸುತ್ತಿ ಬರುವುದೆಂದು ಗೊತ್ತುಮಾಡಿಕೊಂಡಿದ್ದಳು. ಐದು ದಿನ. ಸಿಕ್ಕ ಶಾಲೆಯ ಅಂಗಳದಲ್ಲಿ ಮಲಗುವುದು.

“ಟೆಂಟು ನಾ ಹೊಲ್ದು ಕೊಡ್ತೀನಿ,” ಅಂದೆ.

“ಕಂಪನೀದು ಒಂದೂವರಿ ಕೆಜಿ ಐತಿ ಅಪ್ಪ. ಅದಕ್ಕಿಂತ ಹಗುರ ಇದ್ರ ಮಾತ್ರ ನಿಂದು ಒಯ್ತೀನಿ.”

“ಆತು. ಅಪ್ಪ ಅಂತ ಕನಿಕರ ಮಾಡಿ ಒಯ್ದಿ ಅಂದ್ರ ನಾನ ಕಸ್ಕೊಂತೀನಿ ನೋಡು.”

ಮೂರು ದಿನ ಕೂತು ಹೊಲಿದೆ. ಅಂಚಿಗೆ ಎರಡೆರಡು ಹೊಲಿಗೆ, ಗೂಟಕ್ಕೆ ಕಟ್ಟಲು ಗೇಣಿಗೊಂದು ಹಿತ್ತಾಳೆ ರಿಂಗು, ನಿಲ್ಲಿಸಲು ಎರಡು ಪೈಪು. ಪಕ್ಕದ ಕಿರಾಣಿ ಅಂಗಡಿಯಲ್ಲಿ ತೂಗಿದರೆ ನಾಲ್ಕು ಕೆಜಿ ಇನ್ನೂರು ಗ್ರಾಂ.

“ಯಪ್ಪಾ, ಇದನ್ನ ಹೇರ್ಕೊಂಡು ಹೋಗಾಕ ಹಿಂದ ಒಂದು ಲಾರಿ ಬೇಕು,” ಅಂದಳು ಪ್ರಿಯಾ.

ನನ್ನ ಹೆಂಡತಿ ಮಾರೆಮ್ಮ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕಳು. ಊರ ಲಾರಿಗಳಿಗೆಲ್ಲ ಹೊಲಿದವನಿಗೆ ಮಗಳಿಗೊಂದು ಹೊಲಿಯಲು ಬರಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ಮರುದಿನ ಅಂಗಡಿಗೆ ಒಂದು ಲಾರಿ ಬಂತು. ಟೇಪು ಹಿಡಿದು ಅದನ್ನು ಸುತ್ತುವಾಗ ತಟ್ಟನೆ ಹೊಳೆಯಿತು. ಗಾಡಿ ನೋಡದೆ ನಾನು ಒಂದು ತಾಡಪಾಲನ್ನೂ ಕತ್ತರಿಸಿದವನಲ್ಲ. ಅದಕ್ಕೆ ಬೇರೆ ಕಂಬ ಬೇಕಿಲ್ಲ, ಗಾಡಿಯೇ ಹೊತ್ತು ನಿಲ್ಲುತ್ತದೆ. ಮಗಳ ಟೆಂಟು ಹೊಲಿಯುವಾಗ ಮಾತ್ರ ಅವಳ ಸೈಕಲ್ಲಿನ ಕಡೆ ತಿರುಗಿಯೂ ನೋಡಿರಲಿಲ್ಲ!

ಸಂಜೆ ಸೈಕಲ್ಲನ್ನು ತಲೆಕೆಳಗು ಮಾಡಿ ನಿಲ್ಲಿಸಿದೆ. ಸೀಟು, ಹ್ಯಾಂಡಲ್ಲು ನೆಲಕ್ಕೆ, ಎರಡೂ ಗಾಲಿ ಮೇಲಕ್ಕೆ. ಗಾಲಿಯಿಂದ ನೆಲಕ್ಕೆ ಅಳೆದೆ. ಪಕ್ಕದಲ್ಲಿ ಮಗಳನ್ನು ಮಲಗಿಸಿ ಅವಳ ಉದ್ದವನ್ನೂ ಬರೆದುಕೊಂಡೆ. ದಾವಣಗೆರೆಯಿಂದ ಪ್ಯಾರಾಚೂಟ್ ಬಟ್ಟೆ ತರಿಸಿದೆ. ಗಾಲಿ ತಾಗುವಲ್ಲಿ ಮಾತ್ರ ಎರಡು ಪದರ. ಪೈಪಿಲ್ಲ, ಬಟ್ಟೆಯನ್ನು ಗಾಲಿಗಳೇ ಎತ್ತಿ ಹಿಡಿಯುತ್ತವೆ. ರಿಂಗು ಮೂಲೆಗೊಂದರಂತೆ ನಾಲ್ಕೇ. ಉಳಿದವನ್ನು ಕೈಬಿಡಲು ಸಂಕಟವಾಯಿತು, ಆದರೂ ಬಿಟ್ಟೆ.

ಒಂಬೈನೂರು ಗ್ರಾಂ! ಪ್ರಿಯಾ ಎರಡು ಸಲ ತೂಗಿದಳು, ಗಣಿತದ ಟೀಚರ್ ಅಲ್ಲವೇ. ಆಮೇಲೆ ಮಡಚಿ ಸೈಕಲ್ಲಿಗೆ ಕಟ್ಟಿಕೊಂಡಳು.

ಅವಳು ಹೊರಟ ಮೇಲೆ ನನಗೆ ಆ ನಾಲ್ಕು ರಿಂಗುಗಳದ್ದೇ ಚಿಂತೆ. ಕೊನೆಯ ರಾತ್ರಿ ಅವರು ಹೊಳೆ ದಂಡೆಯ ಹಂಪಸಾಗರದಲ್ಲಿ ಮಲಗುವವರಿದ್ದರು. ಅವತ್ತೇ ಜೋರು ಗಾಳಿ, ಮಳೆ. ಬೆಳಿಗ್ಗೆ ಫೋನು ಬಂದಾಗ ಓಡಿ ಹೋಗಿ ಎತ್ತಿದೆ.

“ಅಪ್ಪ, ಹೊಳಿ ಕಡಿಂದ ಎಂಥಾ ಗಾಳಿ ಅಂತಿ! ಅವರಿಬ್ಬರ ಕಂಪನಿ ಟೆಂಟಿನ ಕಡ್ಡೀನ ಮುರೀತು. ಮೂರೂ ಮಂದಿ ನನ್ನ ಟೆಂಟಿನಾಗ ಒತ್ಕೊಂಡು ಕುಂತಿದ್ವಿ. ಒಂದು ಹನಿ ಒಳಗ ಬರಲಿಲ್ಲ.”

ಅಷ್ಟರಲ್ಲಿ ಅವಳ ಜೊತೆಯ ಭಾಗ್ಯ ಟೀಚರ್ ಫೋನು ಕಸಿದುಕೊಂಡರು.

“ಅಂಕಲ್, ನಮಗೂ ಒಂದೊಂದು ಹೊಲ್ದು ಕೊಡ್ರಿ. ಪ್ರಿಯಾನ ಟೆಂಟಿನ ಅಳತೀನ ಹಾಕಿದ್ರ ನಡಿತೈತಲ್ರಿ?”

“ಹಂಗೆಲ್ಲ ಆಗಂಗಿಲ್ರಿ ಟೀಚರ್,” ಅಂದೆ ಗತ್ತಿನಿಂದ. “ಸೈಕಲ್ ತಗೊಂಡು ಅಂಗಡಿಗೆ ಬರ್ರಿ. ಗಾಡಿ ನೋಡದ ಈ ಜೋಗಪ್ಪ ಕತ್ರಿ ಹಿಡಿಯಂಗಿಲ್ಲ.”