ಆರತಿಯ ನೀರು

೧೯೬೨ರಲ್ಲಿ ಯಶವಂತಪುರದ ನಮ್ಮ ಕಾರ್ಖಾನೆಗೆ ಜರ್ಮನಿಯಿಂದ ಒಂದು ಯಂತ್ರ ಬಂತು. ಅದಕ್ಕೆ ಪಾಯ ತೋಡಿದವರು, ಗೂಡ್ಸ್ ಶೆಡ್ಡಿನಿಂದ ಹಗ್ಗ ಕಟ್ಟಿ ಎಳೆದು ತಂದವರು, ಸೇಲಂ ಕಡೆಯ ಮಾರಿಮುತ್ತು ಮತ್ತು ಅವನ ಜೊತೆಯವರು. ಯಂತ್ರ ಒಳಗೆ ಹೋಯಿತು. ಅವರನ್ನು ಗೇಟಿನ ಹೊರಗೆ ನಿಲ್ಲಿಸಿದರು.

“ಸಾಮಿ, ಒಳಗೆ ಏನಾದ್ರೂ ಕೆಲಸ ಕೊಡಿ,” ಎಂದು ಮಾರಿಮುತ್ತು ಕೈಮುಗಿದ.

ಮಾಲೀಕ ಶೇಷಗಿರಿರಾಯರು ಗುಮಾಸ್ತನಾದ ನನ್ನತ್ತ ತಿರುಗಿದರು. “ಹೊರಗಿನೋರಿಗೆಲ್ಲ ಕೆಲಸ ಕೊಟ್ರೆ ನಮ್ಮೂರ ಜನ ಎಲ್ಲಿಗ್ರೀ ಹೋಗ್ಬೇಕು?”

ನಮ್ಮೂರ ಜನವಂತೆ! ಹಿಂದಿನ ವಾರವಷ್ಟೇ ಪಕ್ಕದ ದಾಸರಹಳ್ಳಿಯ ಹನ್ನೆರಡು ಮಂದಿಗೆ ನಾಳೆಯಿಂದ ಬರಬೇಡಿ ಎಂದಿದ್ದ ಬಾಯಿ ಅದು. ಅವರೆಲ್ಲರ ಕೆಲಸವನ್ನು ಈ ಯಂತ್ರವೊಂದೇ ಮಾಡುತ್ತದಂತೆ.

ರಾಯರ ಹೆಂಡತಿ ತುಂಗಮ್ಮ ಸಮುದ್ರ ದಾಟಿ ಬಂದ ಆ ಕಬ್ಬಿಣಕ್ಕೆ ಕುಂಕುಮ ಹಚ್ಚಿ, ಹೊಸ ಸೊಸೆಗೆ ಎತ್ತುವಂತೆ ಆರತಿ ಎತ್ತಿದರು. “ದೃಷ್ಟಿ ತಾಕುತ್ತೆ. ಈ ನೀರನ್ನ ಗೇಟಿನಾಚೆ ಚೆಲ್ಲಿ ಬನ್ನಿ,” ಎಂದು ತಟ್ಟೆಯನ್ನು ನನ್ನ ಕೈಗೆ ಕೊಟ್ಟರು.

ಹೋಗಿ ಚೆಲ್ಲಿದೆ. ಆ ಕೆಂಪು ನೀರು ಮಾರಿಮುತ್ತುವಿನ ಪಾದದ ಮೇಲೆ ಬಿತ್ತು. ಅವನು ಹಿಂದೆ ಸರಿಯಲಿಲ್ಲ. ನನ್ನ ಮುಖ ನೋಡಿ ನಕ್ಕ.

“ಒಳಗೆ ಕರೀತಾರಾ ಸಾಮಿ?” ಎಂದ.